ಎರಡನೇ ಕೆಲಸ ಸಿಗುವ ಊರು: ಉಡುಪಿ–ಮಂಗಳೂರು ಐಟಿ ಪಟ್ಟಿಯ ಪ್ರಕರಣ ಅಧ್ಯಯನ

ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ ಕಾಪು ಪೇಟೆಯ ಹೆದ್ದಾರಿ ಬದಿಯಲ್ಲಿ ಬೆಂಗಳೂರು ಸ್ಲೀಪರ್ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಮನೆಯಿಂದ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಉಪ್ಪಿನಕಾಯಿ, ಐದು ಕಿಲೋ ಕುಚ್ಚಲಕ್ಕಿ. ಹತ್ತುವವರೆಲ್ಲ ಮೂವತ್ತರ ಒಳಗಿನವರು. ಕಳಿಸಲು ಬಂದ ಅಪ್ಪ ಸ್ಕೂಟರಿನ ಮೇಲೆ ಕುಳಿತೇ ಕೈ ಬೀಸುತ್ತಾರೆ. 2005ರಿಂದ ಒಂಬತ್ತು ವರ್ಷ, ತಿಂಗಳಿಗೆ ಎರಡು ಸಲ, ಆ ಬಸ್ಸು ಹತ್ತಿದವಳು ನಾನು.

2014ರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಊರಿಗೆ ಬಂದೆ. ಸಂಬಳ ಅರ್ಧವಾದರೂ ಸರಿ ಎಂದು ಮಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಹನ್ನೊಂದು ತಿಂಗಳಾಗುವಾಗ ಅವರ ಒಂದೇ ಒಂದು ವಿದೇಶಿ ಕ್ಲೈಂಟ್ ಕೈಬಿಟ್ಟರು. ಒಂದು ಶುಕ್ರವಾರ ಸಂಜೆ ಮಾಲಕರು ನಮ್ಮ ಹದಿನಾಲ್ಕು ಮಂದಿಯನ್ನೂ ಕೂರಿಸಿ, ಮುಂದಿನ ತಿಂಗಳಿನಿಂದ ಸಂಬಳ ಕೊಡಲು ಆಗುವುದಿಲ್ಲ ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳಲಿಲ್ಲ. ಪುನಃ ಬೆಂಗಳೂರಿಗೆ ಹೋದರೆ ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂಬ ಲೆಕ್ಕದಲ್ಲೇ ಆ ರಾತ್ರಿ ಕಳೆಯಿತು.

ಎಂಟನೆಯ ದಿನ ಫೋನ್ ಬಂತು. ಅದೇ ಕಂಪನಿಯಿಂದ ಮೂರು ತಿಂಗಳ ಹಿಂದೆ ಬಿಟ್ಟು ಹೋಗಿದ್ದ ಹುಡುಗಿ. “ಅಕ್ಕ, ನಮ್ಮಲ್ಲಿ ಟೆಸ್ಟಿಂಗಿಗೆ ಒಬ್ರು ಬೇಕಂತೆ. ನಾನು ನಿಮ್ಮ ಹೆಸರು ಹೇಳಿದ್ದೇನೆ. ನಾಳೆ ಬರ್ಲಿಕ್ಕೆ ಆಗ್ತದಾ?” ಮರುದಿನ ಹೋದೆ, ಸೋಮವಾರದಿಂದ ಕೆಲಸ. ಹತ್ತುವ ಬಸ್ಸು ಅದೇ, ಇಳಿಯುವ ಸ್ಟಾಪ್ ಮಾತ್ರ ಬೇರೆ.

2005ರಲ್ಲಿ ಇದೇ ಊರಿನಲ್ಲಿ ಇದೇ ರೀತಿ ಕೆಲಸ ಹೋಗಿದ್ದರೆ ನಾನು ಗಂಟುಮೂಟೆ ಕಟ್ಟಲೇಬೇಕಿತ್ತು. ಹತ್ತು ವರ್ಷದಲ್ಲಿ ಏನು ಬದಲಾಯಿತು ಎಂಬುದನ್ನು ಹುಡುಕುವುದೇ ಈ ಪ್ರಕರಣದ ಉದ್ದೇಶ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಊರಿನಲ್ಲಿ ಮೊದಲ ಕೆಲಸ ಸಿಗಲು ಒಂದು ಕಂಪನಿ ಇದ್ದರೆ ಸಾಕು. ಅದನ್ನು ಬಿಟ್ಟ ಮೇಲೆ ಎರಡನೇ ಕೆಲಸವೂ ಅಲ್ಲೇ ಸಿಗುವುದಾದರೆ ಆ ಊರಿನಲ್ಲಿ ಉದ್ಯಮ ಬೇರು ಬಿಟ್ಟಿದೆ ಎಂದರ್ಥ. ಒಂದೇ ಕಸುಬಿನ ಕಂಪನಿಗಳು ಒಂದೆಡೆ ನೆರೆದಿರುವುದನ್ನು ಅರ್ಥಶಾಸ್ತ್ರದವರು ಕ್ಲಸ್ಟರ್ ಎಂದು ಕರೆಯುತ್ತಾರೆ; ಅದರ ಜೀವ ಇರುವುದು ಅಲ್ಲಿ.

ಜಿಲ್ಲೆಗಿಂತ ಹಿರಿಯ ಕಂಪನಿ

ಉಡುಪಿ ಜಿಲ್ಲೆಯಾದದ್ದು 1997ರ ಆಗಸ್ಟಿನಲ್ಲಿ. ರೋಬೋಸಾಫ್ಟ್ ಟೆಕ್ನಾಲಜೀಸ್ ಹುಟ್ಟಿದ್ದು 1996ರಲ್ಲಿ. ರೋಹಿತ್ ಭಟ್ ಅವರು ಅದನ್ನು ಶುರು ಮಾಡಿದಾಗ ಉಡುಪಿ ಇನ್ನೂ ದಕ್ಷಿಣ ಕನ್ನಡದ ಒಂದು ತಾಲೂಕು. ಮುಂಬೈವರೆಗಿನ ಕೊಂಕಣ ರೈಲು ಪೂರ್ತಿಯಾಗಲು ಇನ್ನೂ ಎರಡು ವರ್ಷ ಬೇಕಿತ್ತು. ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದು ಒಂದು ವರ್ಷವಷ್ಟೇ ಕಳೆದಿತ್ತು, ಅದೂ ಮಹಾನಗರಗಳಿಂದ ಶುರುವಾದದ್ದು. ಹೋಟೆಲಿಗೂ ಮಠಕ್ಕೂ ಬ್ಯಾಂಕಿಗೂ ಹೆಸರಾದ ಊರಿನಲ್ಲಿ ಕುಳಿತು ಆಪಲ್‌ನ ಮ್ಯಾಕ್ ಕಂಪ್ಯೂಟರಿಗೆ ತಂತ್ರಾಂಶ ಬರೆಯುತ್ತೇವೆ ಎಂದರೆ ಆಗ ನಂಬುವವರು ಎಷ್ಟು ಮಂದಿ?

ಆದರೂ ಅದು ನಿಂತಿತು. ಹುಡುಗರು ಇಲ್ಲಿದ್ದರು ಎಂಬುದು ಮುಖ್ಯ ಕಾರಣ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಎಂಐಟಿ 1957ರದ್ದು, ಸುರತ್ಕಲ್ಲಿನ ಕೆಆರ್‌ಇಸಿ 1960ರದ್ದು (ಅದು 2002ರಲ್ಲಿ ಎನ್‌ಐಟಿಕೆ ಆಯಿತು), ನಿಟ್ಟೆಯದ್ದು 1986ರದ್ದು. ಆಮೇಲೆ ಮೂಡುಬಿದಿರೆ, ವಾಮಂಜೂರು, ಅಡ್ಯಾರ್, ಪುತ್ತೂರು, ಸುಳ್ಯ ಎಂದು ಎಲ್ಲೆಲ್ಲೂ ಎಂಜಿನಿಯರಿಂಗ್ ಕಾಲೇಜು. ಇಷ್ಟು ಕಾಲೇಜುಗಳು ವರ್ಷಾವರ್ಷ ಹೊರತಂದ ಮಕ್ಕಳಲ್ಲಿ ಹೆಚ್ಚಿನವರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಮನೆ ಬಿಡಲು ಮನಸ್ಸಿಲ್ಲದವರು, ಬಿಡಲಾಗದವರು ಸದಾ ಒಂದಷ್ಟು ಮಂದಿ ಇದ್ದೇ ಇದ್ದರು. ಅವರಿಗೆ ಊರಿನಲ್ಲಿ ಬಾಗಿಲು ತೆರೆದದ್ದು ಇಂಥ ಕಂಪನಿ.

ಮುಂದೆ ನಡೆದದ್ದರಲ್ಲಿ ಅದೃಷ್ಟದ ಪಾಲೂ ಇದೆ. ಮ್ಯಾಕ್ ತಂತ್ರಾಂಶ ಆಗ ಭಾರತದಲ್ಲಿ ಬಹಳ ಸಣ್ಣ ಮೂಲೆ. ಬೆಂಗಳೂರಿನ ದೊಡ್ಡ ಕಂಪನಿಗಳೆಲ್ಲ ಜಾವಾ, ಮೈನ್‌ಫ್ರೇಮ್, ಬ್ಯಾಂಕ್ ತಂತ್ರಾಂಶದ ಹಿಂದೆ ಇದ್ದವು. ಉಡುಪಿಯಲ್ಲಿ ಕಲಿತ ಆ ವಿದ್ಯೆಗೆ ಹೊರಗೆ ಅಂಥ ಬೆಲೆ ಇರಲಿಲ್ಲ. ಆಮೇಲೆ 2007ರಲ್ಲಿ ಐಫೋನ್ ಬಂತು, 2008ರ ಜುಲೈಯಲ್ಲಿ ಆ್ಯಪ್ ಸ್ಟೋರ್ ತೆರೆಯಿತು. ಆಗ ಐಫೋನಿಗೆ ಆ್ಯಪ್ ಬರೆಯುತ್ತಿದ್ದ ಭಾಷೆ ಆಬ್ಜೆಕ್ಟಿವ್-ಸಿ. ಅದರ ಹಿಂದಿನ ಚೌಕಟ್ಟು ಮ್ಯಾಕ್ ತಂತ್ರಾಂಶ ಬರೆಯಲು ಬಳಸುವ ಕೋಕೋ ಎಂಬ ಚೌಕಟ್ಟಿನಿಂದಲೇ ಹುಟ್ಟಿದ್ದು. ಜಗತ್ತೆಲ್ಲ ಪುಸ್ತಕ ಬಿಡಿಸಿ ಮೊದಲ ಪಾಠ ಓದುತ್ತಿದ್ದಾಗ ಉಡುಪಿಯಲ್ಲಿ ವರ್ಷಗಳಿಂದ ಅದೇ ಬಗೆಯ ಕೆಲಸದಲ್ಲಿ ಕೈ ಪಳಗಿದವರು ಇದ್ದರು. ಅದರ ಬೆನ್ನಿಗೇ ರೋಬೋಸಾಫ್ಟ್‌ನ ಬುಡದಿಂದ 99 ಗೇಮ್ಸ್ ಎಂಬ ಆಟಗಳ ಕಂಪನಿ ಚಿಗುರಿತು. 2014ರಲ್ಲಿ ಅದು ಹೊರತಂದ ‘ಸ್ಟಾರ್ ಶೆಫ್’ ಎಂಬ ಅಡುಗೆಯ ಆಟವನ್ನು ದೇಶವಿದೇಶಗಳ ಜನ ಆಡಿದರು. ಹೋಟೆಲು ಕಟ್ಟಿ ಊರೂರಿಗೆ ಉಣಬಡಿಸಿದ ಉಡುಪಿಯಿಂದಲೇ ಅಂಥ ಆಟ ಬಂದದ್ದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಆಟದ ಯಶಸ್ಸಿಗಿಂತ ದೊಡ್ಡದಾಗಿ ನನಗೆ ಕಾಣುವುದು ಜನರ ಓಡಾಟ. ಊರಿಗೆ ಬಂದ ಮೇಲೆ ನಾನು ಕೆಲಸ ಮಾಡಿದ ಮೂರು ಕಡೆಯೂ “ಮೊದಲು ಸಂತೆಕಟ್ಟೆಯಲ್ಲಿದ್ದೆ” ಎನ್ನುವ ಒಬ್ಬರಾದರೂ ಸಿಕ್ಕಿದ್ದಾರೆ. ರೋಬೋಸಾಫ್ಟ್ ಇರುವುದು ಸಂತೆಕಟ್ಟೆಯಲ್ಲಿ. ನಮ್ಮವರ ಬಾಯಲ್ಲಿ ಊರಿನ ಹೆಸರೇ ಕಂಪನಿಯ ಹೆಸರು. ಇವರೆಲ್ಲ ಬರುವಾಗ ಕೋಡ್ ತರಲಿಲ್ಲ, ತರಲೂಬಾರದು. ತಂದದ್ದು ರೂಢಿ. ಬಗ್ ಹೇಗೆ ಬರೆಯಬೇಕು, ಕ್ಲೈಂಟಿಗೆ ತಪ್ಪನ್ನು ಮುಚ್ಚಿಡದೆ ಹೇಗೆ ಹೇಳಬೇಕು, ರಿಲೀಸ್‌ನ ಹಿಂದಿನ ರಾತ್ರಿ ಯಾವುದನ್ನು ಮುಟ್ಟಬಾರದು. ನನ್ನ ಎರಡನೇ ಕಂಪನಿಯಲ್ಲಿ ಒಬ್ಬ ಹುಡುಗ ಪ್ರತಿ ಬಿಲ್ಡ್ (ಆ್ಯಪ್‌ನ ಹೊಸ ಪ್ರತಿ) ಬಂದಾಗಲೂ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆ್ಯಪ್ ತೆರೆಯುತ್ತಿದ್ದ. ಸಿಗ್ನಲ್ ಇಲ್ಲದಾಗ ಅದು ಕೈಕೊಡುತ್ತದೋ ಎಂದು ಮೊದಲು ನೋಡುವುದು. “ಅದು ಎಲ್ಲಿ ಕಲಿತದ್ದು?” ಎಂದೆ. “ಅಲ್ಲಿ ನಮ್ಮ ಸೀನಿಯರ್ ಒಬ್ರು ಇದ್ರು, ಶಿರ್ವದವರು. ಅವರ ಮನೆಯಲ್ಲಿ ನೆಟ್‌ವರ್ಕೇ ಇರ್ತಿರ್ಲಿಲ್ಲ ಅಕ್ಕ” ಎಂದ. ಆ ಅಭ್ಯಾಸ ಈಗ ನನ್ನ ತಂಡದ ಪಟ್ಟಿಯಲ್ಲಿ ಮೊದಲ ಸಾಲು. ಶಿರ್ವದ ಆ ಸೀನಿಯರನ್ನು ನಾನು ಕಂಡವಳೇ ಅಲ್ಲ.

ಹಂಚಿನ ಮೇಲಿನ ಅಚ್ಚು

ಜನರ ಜತೆ ಕಸುಬು ಹೀಗೆ ಓಡಾಡುವುದು ನಮ್ಮೂರಿಗೆ ಹೊಸತಲ್ಲ. ಅಜ್ಜಿಮನೆಯ ಮಾಡು ಬಿಚ್ಚಿದಾಗ ಇಳಿಸಿದ ಹಂಚುಗಳಲ್ಲಿ ಒಂದನ್ನು ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಒಳಮೈಯಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆಸರು, 1865 ಎಂಬ ಇಸವಿ. (ಇಸವಿ ಹಂಚಿನದಲ್ಲ, ಕಾರ್ಖಾನೆ ಶುರುವಾದದ್ದು. ಎಷ್ಟೋ ಜನ ಇದನ್ನು ನೋಡಿ ತಮ್ಮ ಮನೆಯ ವಯಸ್ಸು ಹೇಳುತ್ತಾರೆ.)

ಆ ಮಿಷನ್ನಿನ ಪರವಾಗಿ ಜರ್ಮನಿಯಿಂದ ಬಂದ ಗೇಯೋರ್ಗ್ ಪ್ಲೆಬ್ಸ್ಟ್ ಆ ವರ್ಷ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಅದನ್ನು ತರಲು ದೋಣಿ, ಸುಡಲು ಸೌದೆ, ಸಾಗಿಸಲು ಬಂದರು ಎಲ್ಲ ಹತ್ತಿರದಲ್ಲೇ ಇದ್ದವು. ಮೂರು ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದ ಕಾರ್ಖಾನೆ ಬಂತು. ಆಮೇಲೆ ನದಿದಂಡೆಯುದ್ದಕ್ಕೂ ಚಿಮಣಿಗಳೆದ್ದವು. ಮಣ್ಣು ಬೇರೆ ನದಿಗಳ ದಂಡೆಯಲ್ಲೂ ಇತ್ತು. ಯಾವ ಮಣ್ಣಿಗೆ ಎಷ್ಟು ನೀರು, ಗೂಡಿನ ಬೆಂಕಿ ಯಾವ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು ಎಂದು ಬಲ್ಲ ಕೆಲಸಗಾರರು ಇದ್ದದ್ದು ಇಲ್ಲಿ. ಒಂದು ಕಾರ್ಖಾನೆಯಲ್ಲಿ ಕಲಿತವನು ಇನ್ನೊಂದಕ್ಕೆ ಹೋಗಬಲ್ಲವನಾಗಿದ್ದ. ‘ಮಂಗಳೂರು ಹಂಚು’ ಎಂಬುದು ಯಾವ ಒಂದು ಕಂಪನಿಯ ಹೆಸರೂ ಆಗದೆ ಊರಿನ ಹೆಸರಾದದ್ದು ಹಾಗೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಚಾಕು, ಬಟ್ಟೆ ತಯಾರಿಸುವ ಊರುಗಳನ್ನು ನೋಡಿ ಇದನ್ನೇ ವಿವರಿಸಿದರು. ಒಂದೇ ಕಸುಬಿನವರು ಒಂದೆಡೆ ಸೇರಿದರೆ ನುರಿತ ಕೈಗಳಿಗೆ ಒಂದು ಸಂತೆಯೇ ಏರ್ಪಡುತ್ತದೆ, ಆ ಕಸುಬಿಗೆ ಬೇಕಾದ ಉಪಕಸುಬಿನವರು ಸುತ್ತ ಬಂದು ನೆಲೆಸುತ್ತಾರೆ, ಕಸುಬಿನ ಗುಟ್ಟು ಗುಟ್ಟಾಗಿ ಉಳಿಯದೆ ಊರಿನ ಗಾಳಿಯಲ್ಲೇ ಬೆರೆಯುತ್ತದೆ. ಏರೋಪ್ಲೇನ್ ಮೋಡಿನ ಹುಡುಗನಿಂದ ನನಗೆ ಬಂದದ್ದು ಆ ಗಾಳಿ. ಕ್ಯಾಲಿಫೋರ್ನಿಯಾದಲ್ಲೂ ಬೇರೆ ಏನೂ ಆಗಲಿಲ್ಲ. 1957ರಲ್ಲಿ ಎಂಟು ಮಂದಿ ಎಂಜಿನಿಯರರು ಶಾಕ್ಲಿ ಎಂಬ ವಿಜ್ಞಾನಿಯ ಪ್ರಯೋಗಾಲಯ ಬಿಟ್ಟು ಫೇರ್‌ಚೈಲ್ಡ್ ಎಂಬ ಚಿಪ್ ಕಂಪನಿ ಕಟ್ಟಿದರು. ಅಲ್ಲಿಂದ ಹೊರಬಿದ್ದ ಇಬ್ಬರು 1968ರಲ್ಲಿ ಇಂಟೆಲ್ ಕಟ್ಟಿದರು.

ಎಕ್ಸ್‌ಪ್ರೆಸ್ ಬಸ್ಸಿನ ಪಾತ್ರ

ಉಡುಪಿಗೂ ಮಂಗಳೂರಿಗೂ ನಡುವೆ ಹೆಚ್ಚುಕಡಿಮೆ ಅರುವತ್ತು ಕಿಲೋಮೀಟರು. ಇಷ್ಟು ದೂರದ ಎರಡು ಊರುಗಳನ್ನು ಒಂದೇ ಉದ್ಯೋಗ ಸಂತೆ ಎನ್ನಬಹುದೇ? ಕೈಗಾರಿಕಾ ನೀತಿಯ ಕಡತಗಳಲ್ಲಿ ಇದಕ್ಕೆ ಉತ್ತರ ಹುಡುಕಬೇಡಿ, ಬೆಳಿಗ್ಗೆ ಏಳೂವರೆಗೆ ಕಟಪಾಡಿಯಲ್ಲೋ ಪಡುಬಿದ್ರಿಯಲ್ಲೋ ನಿಂತು ನೋಡಿ.

ನಮ್ಮ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಹೊರಗಿನವರಿಗೆ ಹೆದರಿಕೆ ಹುಟ್ಟಿಸುತ್ತವೆ, ಅದು ನಿಜ. ಆದರೆ ಕೆಲವೇ ನಿಮಿಷಕ್ಕೊಂದು ಬಸ್ಸು, ಬಾಗಿಲಲ್ಲಿ ನೇತಾಡುವ ಕಂಡಕ್ಟರ್, ಒಂದು ಸೀಟಿ, “ರೈಟ್ ಪೋಯಿ!” ಮಣಿಪಾಲದಿಂದ ಹೊರಟು ಉಡುಪಿ, ಉದ್ಯಾವರ, ಕಟಪಾಡಿ, ಕಾಪು, ಪಡುಬಿದ್ರಿ, ಮುಲ್ಕಿ, ಸುರತ್ಕಲ್, ಕೂಳೂರು, ಕೊಟ್ಟಾರ ಚೌಕಿ, ಲಾಲ್‌ಬಾಗ್, ಸ್ಟೇಟ್‌ಬ್ಯಾಂಕ್. ಈ ದಾರಿಯ ಬದಿಯಲ್ಲೇ ಕಾಲೇಜುಗಳೂ ಇವೆ, ಕಂಪನಿಗಳೂ ಇವೆ. ಕಾಪುವಿನಲ್ಲಿ ಮನೆ ಇರುವವರಿಗೆ ಬಲಕ್ಕೆ ಹೋದರೂ ಕೆಲಸ, ಎಡಕ್ಕೆ ಹೋದರೂ ಕೆಲಸ. ನನ್ನ ಎರಡನೇ ಕೆಲಸದ ಫೋನು ಕೊಟ್ಟ ಹುಡುಗಿಯೂ ಮೊದಲು ಪರಿಚಯವಾದದ್ದು ಆಫೀಸಿನಲ್ಲಿ ಅಲ್ಲ, ಮುಲ್ಕಿಯಲ್ಲಿ ಹತ್ತಿ ನನ್ನ ಪಕ್ಕ ಕುಳಿತಾಗ.

ನಮ್ಮ ಉದ್ಯೋಗ ಸಂತೆಯ ಗಡಿಯನ್ನು ಎಳೆದವರು ಬಸ್ಸಿನ ಮಾಲಕರು ಎಂದರೆ ಉತ್ಪ್ರೇಕ್ಷೆಯೆಂದು ನನಗನಿಸುವುದಿಲ್ಲ. ಕಾರ್ಕಳದಿಂದ, ಮೂಡುಬಿದಿರೆಯಿಂದಲೂ ಇಂಥದೇ ಬಸ್ಸು ಬರುತ್ತದೆ. ಬಸ್ಸು ವಿರಳವಾದ ಒಳನಾಡಿನ ಹಳ್ಳಿಗಳ ಮಕ್ಕಳು ಪಿಜಿ ಹಿಡಿಯಬೇಕು. ಪಿಜಿ ಹಿಡಿಯುವುದೇ ಆದರೆ ಬೆಂಗಳೂರೇ ಆಗಲಿ ಎನ್ನುತ್ತಾರೆ.

ದೊಡ್ಡ ಕ್ಯಾಂಪಸ್ಸು ಕೊಟ್ಟದ್ದು, ಕೊಡದ್ದು

ಮಂಗಳೂರಿನ ಕಥೆ ಬೇರೆ ದಾರಿಯಲ್ಲಿ ಬಂತು. 1995ರಲ್ಲೇ ಇನ್ಫೋಸಿಸ್ ಇಲ್ಲಿ ಕೇಂದ್ರ ತೆರೆಯಿತು. ಕೊಟ್ಟಾರದಲ್ಲಿ ಒಂದು ಕ್ಯಾಂಪಸ್, ಆಮೇಲೆ ಕೊಣಾಜೆಯ ಆಚೆ ಮುಡಿಪುವಿನಲ್ಲಿ ದೊಡ್ಡದೊಂದು. ಅದರ ಉಪಕಾರವನ್ನು ಕಡಿಮೆ ಮಾಡಿ ಹೇಳಲಾರೆ. ಮಂಗಳೂರಿನಲ್ಲಿ ಕುಳಿತು ಅಮೆರಿಕದ ಕೆಲಸ ಮಾಡಬಹುದು ಎಂದು ಮನೆಯ ಹಿರಿಯರು ನಂಬಿದ್ದು ಅದನ್ನು ನೋಡಿ. ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಕಳಿಸಲು ಒಪ್ಪಿದ್ದೂ ಆ ಹೆಸರಿನ ಧೈರ್ಯದಿಂದ.

ಆದರೆ ಯಾವ ದೊಡ್ಡ ಕ್ಯಾಂಪಸ್ಸೇ ಇರಲಿ, ಅದರ ಸ್ವಭಾವ ಒಂದೇ. ಊಟ ಒಳಗೆ, ಬಸ್ಸು ಅವರದೇ, ಯಾವ ಪ್ರಾಜೆಕ್ಟ್ ಇಲ್ಲಿಗೆ ಬರಬೇಕೆಂಬ ತೀರ್ಮಾನ ಬೇರೆ ಊರಿನಲ್ಲಿ. ಒಬ್ಬ ಎಂಜಿನಿಯರ್ ಕ್ಲೈಂಟಿನ ಮುಖವನ್ನೇ ನೋಡದೆ ಎಂಟು ವರ್ಷ ಕಳೆಯಬಹುದು. ಅಂಥವನು ಹೊರಬಂದು ಕಂಪನಿ ಕಟ್ಟುವುದು ಕಷ್ಟ. ಕೆಲಸ ಮಾಡಲು ಬರುತ್ತದೆ, ಕೆಲಸ ತರಲು ಬರುವುದಿಲ್ಲ. ಮೂವತ್ತು ಮಂದಿಯ ಕಂಪನಿಯಲ್ಲಿ ಮೂರನೇ ವರ್ಷಕ್ಕೇ ಕ್ಲೈಂಟಿನ ಜತೆ ಮಾತಾಡುವುದು, ಬೆಲೆ ಹೇಳುವುದು, ಬಿಲ್ಲು ಬಾರದಿದ್ದರೆ ಕೇಳುವುದು ಎಲ್ಲವೂ ತಲೆಗೆ ಬರುತ್ತದೆ. ಟೊಂಗೆಯೊಡೆಯುವುದು ಇಂಥ ಕಡೆ.

ಮಂಗಳೂರಿಗೆ ಆ ಮಧ್ಯದ ಪದರ ನಿಧಾನವಾಗಿ ಬಂತು. ಡೆನ್ಮಾರ್ಕ್ ಮೂಲದ ಇಜಿ ಎಂಬ ತಂತ್ರಾಂಶ ಕಂಪನಿ ಇಲ್ಲಿ ದೊಡ್ಡ ಕಚೇರಿ ಮಾಡಿತು. ಗ್ಲೋಟಚ್ ಅಮೆರಿಕದ ಗ್ರಾಹಕರ ಕೆಲಸವನ್ನು ಇಲ್ಲಿಗೆ ತಂದಿತು. ಚಾರ್ಟರ್ಡ್ ಅಕೌಂಟೆಂಟರ ಮೇಜಿನ ಮೇಲೆ ತೆರಿಗೆ ಲೆಕ್ಕಕ್ಕೆ ಇರುವ ವಿನ್‌ಮ್ಯಾನ್ ಮಂಗಳೂರಿನದೇ. ಬ್ಯಾಂಕು, ಕಾಮರ್ಸ್ ಕಾಲೇಜು, ಸಿಎಗಳು ತುಂಬಿದ ಊರಿನಲ್ಲಿ ಅದು ಹುಟ್ಟಿದ್ದು ಸಹಜ. 2013ರಲ್ಲಿ ಕರಾವಳಿಯಲ್ಲೇ ಹುಟ್ಟಿದ ನಿವಿಯಸ್ ಗೂಗಲ್ ಕ್ಲೌಡ್ ಕೆಲಸದಲ್ಲಿ ಹೆಸರು ಮಾಡಿತು. ನನ್ನ ಮಟ್ಟಿಗೆ ಇದರ ಅರ್ಥ ಸರಳ: 2005ರಲ್ಲಿ ಬೆರಳೆಣಿಕೆಗೂ ಕಷ್ಟವಿದ್ದ ಬಾಗಿಲುಗಳು ಹತ್ತು ವರ್ಷದಲ್ಲಿ ಎರಡು ಕೈ ಬೆರಳು ಮುಗಿಯುವಷ್ಟಾದವು.

ಅದರ ಸುತ್ತ ಬೇರೆ ಕೆಲಸಗಳೂ ಬೆಳೆಯುತ್ತವೆ. ಅಮೆರಿಕದ ನಗರಗಳ ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಒಂದು ತಂತ್ರಜ್ಞಾನದ ಕೆಲಸದ ಹಿಂದೆ ಆ ನಗರದಲ್ಲಿ ಸುಮಾರು ಐದು ಬೇರೆ ಕೆಲಸ ಹುಟ್ಟುತ್ತವೆ ಎಂದು ಅಂದಾಜಿಸಿದ್ದಾರೆ. ನಮ್ಮಲ್ಲಿ ಆ ಸಂಖ್ಯೆ ಎಷ್ಟಾದರೂ ಇರಲಿ, ನಮ್ಮ ಆಫೀಸಿನ ಕೆಳಗಿನ ಮೆಸ್ಸಿನ ಅಕ್ಕ ಮೊದಲು ಹನ್ನೆರಡು ಊಟ ಬಡಿಸುತ್ತಿದ್ದವರು ಈಗ ಎಂಬತ್ತು ಬಡಿಸುತ್ತಾರೆ. ಕುಚ್ಚಲಕ್ಕಿ ಗಂಜಿ, ಚಟ್ನಿ, ಒಂದು ಪಲ್ಯ, ಬುಧವಾರ ಮೀನು. ಸಹಾಯಕ್ಕೆ ಇಬ್ಬರನ್ನು ಇಟ್ಟುಕೊಂಡಿದ್ದಾರೆ. ಅದೇ ಕಟ್ಟಡದ ಹಿಂದೆ ಬಾಡಿಗೆಗಿದ್ದ ನರ್ಸಮ್ಮ ಬಾಡಿಗೆ ಏರಿತೆಂದು ಮನೆ ಬಿಟ್ಟು ಹೋದರು. ಎರಡೂ ಒಂದೇ ಬೆಳವಣಿಗೆಯ ಫಲ, ಎರಡನ್ನೂ ಬರೆದಿಡಬೇಕು.

ಬ್ಯಾಂಕುಗಳ ಪಾಠ

ಅವಿಭಜಿತ ದಕ್ಷಿಣ ಕನ್ನಡ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದು ಜಿಲ್ಲೆಯಲ್ಲಿ ಇಷ್ಟು ಬ್ಯಾಂಕು ಹುಟ್ಟಿದ್ದೂ ಕ್ಲಸ್ಟರೇ. ಲೆಕ್ಕ ಬಲ್ಲವರು, ನಂಬಿಕೆಗೆ ಅರ್ಹರಾದ ಗುಮಾಸ್ತರು, ಪಿಗ್ಮಿ ಸಂಗ್ರಹಿಸಲು ಮನೆಮನೆಗೆ ನಡೆಯುವವರು ಇಲ್ಲಿ ತಯಾರಾದರು. 1941ರಲ್ಲಿ ಶುರುವಾದ ಮಣಿಪಾಲದ ಮುದ್ರಣಾಲಯ ಬ್ಯಾಂಕುಗಳ ಚೆಕ್ ಪುಸ್ತಕ ಅಚ್ಚು ಹಾಕುವುದರಲ್ಲಿ ಹೆಸರು ಮಾಡಿತು. ಮಾರ್ಷಲ್ ಹೇಳಿದ ಉಪಕಸುಬು ಎಂದರೆ ಇದು. ಅದು ಇವತ್ತಿಗೂ ಮಣಿಪಾಲ್ ಟೆಕ್ನಾಲಜೀಸ್ ಎಂಬ ಹೆಸರಿನಲ್ಲಿ ಬದುಕಿದೆ.

ಬ್ಯಾಂಕುಗಳ ತಲೆ ಮಾತ್ರ ಒಂದೊಂದಾಗಿ ಊರು ಬಿಟ್ಟಿತು. ಕೆನರಾ ಬೆಂಗಳೂರಿಗೆ ಹೋಯಿತು, ವಿಜಯಾ 1969ರಲ್ಲಿ ಹೋಯಿತು. 2019ರ ಏಪ್ರಿಲಿನಲ್ಲಿ ವಿಜಯಾ, 2020ರ ಏಪ್ರಿಲಿನಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ಮಂಗಳೂರಿನಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡದ್ದು ಕರ್ಣಾಟಕ ಬ್ಯಾಂಕ್ ಒಂದೇ. ಶಾಖೆಗಳು ಎಲ್ಲಿಗೂ ಹೋಗಲಿಲ್ಲ, ಪಾಸ್‌ಬುಕ್ ಅಚ್ಚಾಗುವುದು ನಿಲ್ಲಲಿಲ್ಲ. ಯಾರಿಗೆ ಕೆಲಸ ಕೊಡಬೇಕು, ಯಾವ ಹೊಸ ಯೋಜನೆ ಮಾಡಬೇಕು, ಯಾವ ವಕೀಲರನ್ನು ಕೇಳಬೇಕು ಎಂಬ ನಿರ್ಧಾರ ಇಲ್ಲಿಂದ ಎದ್ದುಹೋಯಿತು.

ಈ ಕಾರಣಕ್ಕೇ 2021ರಲ್ಲಿ ಜಪಾನಿನ ಟೆಕ್ನೋಪ್ರೋ ಸಮೂಹ ರೋಬೋಸಾಫ್ಟನ್ನು 805 ಕೋಟಿ ರೂಪಾಯಿಗೆ ಪೂರ್ತಿ ಕೊಂಡುಕೊಂಡಾಗ ನನ್ನೊಳಗೆ ಹೆಮ್ಮೆಯೂ ಅಳುಕೂ ಒಟ್ಟಿಗೆ ಬಂದವು. ಉಡುಪಿಯ ಕಂಪನಿಗೆ ಅಷ್ಟು ಬೆಲೆ ಬಂದದ್ದು ಸಣ್ಣ ಮಾತಲ್ಲ. ಅಂಥ ಹಣದಲ್ಲಿ ಒಂದು ಪಾಲು ಊರಿನ ಹೊಸ ಕಂಪನಿಗಳಿಗೆ ಬೀಜವಾಗಬಹುದು, ಕಟ್ಟಿದವರ ಅನುಭವ ಕಿರಿಯರಿಗೆ ಸಿಗಬಹುದು. ಮಂಗಳೂರು, ಉಡುಪಿ, ಮಣಿಪಾಲವನ್ನು ಒಟ್ಟಾಗಿ ‘ಸಿಲಿಕಾನ್ ಬೀಚ್’ ಎಂದು ಕಟ್ಟುವ ಪ್ರಯತ್ನದಲ್ಲಿ ರೋಹಿತ್ ಭಟ್ ಅವರೂ ಮುಂದೆ ಇದ್ದಾರೆ. ಮಾಲಕತ್ವ ದೂರ ಹೋದರೂ ನಿರ್ಧಾರ ಮಾಡಬಲ್ಲ ಜನ ಇಲ್ಲೇ ಉಳಿದರೆ ಬ್ಯಾಂಕುಗಳ ಗತಿ ಬರಲಿಕ್ಕಿಲ್ಲ.

ಮಾರ್ಕ್ಸ್ ಕಾರ್ಡಿನ ಬೀಗ

ಇಷ್ಟು ಹೇಳಿದ ಮೇಲೆ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ.

ನಮ್ಮ ಸಣ್ಣ ಕಂಪನಿಗಳಲ್ಲಿ ಕೆಲವು ಫ್ರೆಶರ್‌ಗಳಿಂದ, ಅಂದರೆ ಆಗಷ್ಟೇ ಕಾಲೇಜು ಮುಗಿಸಿ ಬಂದವರಿಂದ, ಎರಡು ವರ್ಷ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಬರೆಸಿಕೊಳ್ಳುತ್ತವೆ. ಅದರ ಜತೆ ಮೂಲ ಮಾರ್ಕ್ಸ್ ಕಾರ್ಡುಗಳನ್ನು ತೆಗೆದಿಟ್ಟುಕೊಳ್ಳುತ್ತವೆ. ನನ್ನ ಮಾವನ ಮಗಳು ಸೇರಿದ ಒಂದು ಕಂಪನಿಯಲ್ಲಿ ಹಾಗಾಯಿತು. ಎಸ್ಸೆಸ್ಸೆಲ್ಸಿಯಿಂದ ಎಂಟನೇ ಸೆಮಿಸ್ಟರಿನವರೆಗಿನ ಕಾರ್ಡುಗಳು ಪ್ಲಾಸ್ಟಿಕ್ ಫೈಲಿನಲ್ಲಿ ಅವರ ಕಪಾಟು ಸೇರಿದವು. ಒಂಬತ್ತು ತಿಂಗಳಲ್ಲಿ ಅವಳಿಗೆ ಮಣಿಪಾಲದಲ್ಲಿ ಒಳ್ಳೆಯ ಅವಕಾಶ ಬಂತು. ಕಾರ್ಡು ಕೇಳಿದಾಗ ಒಂದು ಲಕ್ಷ ಕಟ್ಟು ಎಂದರು. ಅವಳಪ್ಪ ಮೀನಿನ ಬೋಟಿನಲ್ಲಿ ಕೆಲಸ ಮಾಡುವವರು. ಅವಕಾಶ ತಪ್ಪಿತು. ಬಾಂಡ್ ಮುಗಿದ ತಿಂಗಳೇ ಅವಳು ಬೆಂಗಳೂರಿನ ಬಸ್ಸು ಹತ್ತಿದಳು. ಈ ಊರಿನ ಕಂಪನಿಗಳ ಸಹವಾಸವೇ ಬೇಡ ಎಂದು ಹೇಳಿಯೇ ಹೋದಳು. ಕಂಪನಿ ಒಬ್ಬಳನ್ನು ಎರಡು ವರ್ಷ ಉಳಿಸಿಕೊಂಡಿತು, ಊರು ಅವಳನ್ನು ಕಳೆದುಕೊಂಡಿತು.

ಕಾನೂನಿನ ಕಡೆಯಿಂದ ನೋಡಿದರೆ ಒಂದು ಸೋಜಿಗ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಬಿಟ್ಟವರನ್ನು ಎದುರಾಳಿ ಕಂಪನಿಗೆ ಹೋಗದಂತೆ ತಡೆಯುವ ಕರಾರು ನಡೆಯುವುದಿಲ್ಲ, ಆ ನಿಯಮ 1872ರದ್ದು. ಸಿಲಿಕಾನ್ ಕಣಿವೆ ಬಾಸ್ಟನ್ನಿನ ಕಂಪನಿಗಳನ್ನು ಹಿಂದಿಕ್ಕಿದ್ದಕ್ಕೆ ಇದೂ ಒಂದು ಕಾರಣ ಎನ್ನುವ ವಿದ್ವಾಂಸರಿದ್ದಾರೆ. ನಮ್ಮ ಭಾರತೀಯ ಕರಾರು ಕಾಯ್ದೆಯೂ 1872ರದ್ದೇ. ಅದರ 27ನೇ ಕಲಮು ಕೂಡ ಒಬ್ಬರ ವೃತ್ತಿಯನ್ನು ತಡೆಯುವ ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ. ಬೀಜ ಎರಡೂ ಕಡೆ ಒಂದೇ. ಆದರೆ ಬಾಂಡ್ ಬೇರೆ ವಿಷಯ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವಧಿಗೆ ಮೊದಲೇ ಬಿಟ್ಟರೆ ಇಂತಿಷ್ಟು ಹಣ ಕಟ್ಟಬೇಕೆಂಬ ಷರತ್ತು ವೃತ್ತಿ ತಡೆ ಅಲ್ಲ ಎಂದು ಎತ್ತಿಹಿಡಿಯಿತು. ಅಲ್ಲಿದ್ದದ್ದು ಮೂರು ವರ್ಷ, 2 ಲಕ್ಷ ರೂಪಾಯಿ. ಆ ಪ್ರಕರಣದ ಬ್ಯಾಂಕು ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕೇ.

ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ಖರ್ಚು ದೊಡ್ಡದು, ಅದರ ಕಷ್ಟ ಅರ್ಥವಾಗುತ್ತದೆ. ನಲವತ್ತು ಮಂದಿಯ ತಂತ್ರಾಂಶ ಕಂಪನಿ ಅದನ್ನೇ ಆಸರೆ ಮಾಡಿಕೊಂಡು ಮಕ್ಕಳ ಕಾರ್ಡುಗಳಿಗೆ ಬೀಗ ಹಾಕುವುದನ್ನು ನಾನು ಒಪ್ಪಲಾರೆ. ಅವರ ಮಾತಿನಲ್ಲೂ ಸತ್ಯ ಇದೆ: “ಆರು ತಿಂಗಳು ಕಲಿಸುವುದು ನಾವು, ಕಲಿತ ಕೂಡಲೇ ಪಕ್ಕದವರು ಎಳೆದುಕೊಳ್ಳುವುದು.” ಆದರೆ ಪಕ್ಕದವರು ಕಲಿಸಿದವರನ್ನು ಅವರೂ ಎಳೆದುಕೊಂಡಿದ್ದಾರೆ. ನನ್ನನ್ನು ತಯಾರು ಮಾಡಿದ ಖರ್ಚು ಬೆಂಗಳೂರಿನ ಮೂರು ಕಂಪನಿಗಳದ್ದು, ಲಾಭ ಪಡೆದದ್ದು ಮಂಗಳೂರಿನವರು. ಜನ ಎಲ್ಲ ಕಡೆಗೂ ಹರಿದರೆ ಕೊಟ್ಟದ್ದು ತಿರುಗಿ ಬರುತ್ತದೆ. ಒಬ್ಬರು ಕಟ್ಟ ಹಾಕಿದರೆ ಕೆಳಗಿನವರಿಗೂ ನೀರಿಲ್ಲ, ಮೇಲೆ ನಿಂತದ್ದೂ ಹಸಿರುಗಟ್ಟುತ್ತದೆ.

ಈಗ ಇಲ್ಲದ್ದು

ಎಂಟರಿಂದ ಹದಿನೈದು ವರ್ಷದ ಅನುಭವ ಇರುವವರು ಸಾಲದು. ಫ್ರೆಶರ್ ಬೇಕಾದಷ್ಟು ಸಿಗುತ್ತಾರೆ, ತಂಡ ನಡೆಸುವವರು ಸಿಗುವುದಿಲ್ಲ. ಬೆಂಗಳೂರಿನಲ್ಲಿರುವ ನಮ್ಮವರಲ್ಲಿ ಬರಲು ಮನಸ್ಸಿರುವವರು ತುಂಬ ಮಂದಿ. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಕೇಳಿದ್ದು ಸಂಬಳವನ್ನಲ್ಲ. “ನನಗೆ ಸಿಗ್ತದೆ, ನನ್ನ ಹೆಂಡತಿಗೆ ಎಂತ ಮಾಡುದು?” ಇಬ್ಬರೂ ದುಡಿಯುವ ಮನೆಗೆ ಊರಿನಲ್ಲಿ ಎರಡು ಮೊದಲ ಕೆಲಸ, ಎರಡು ಎರಡನೇ ಕೆಲಸ, ಒಟ್ಟು ನಾಲ್ಕು ಬಾಗಿಲು ಕಾಣಬೇಕು. ಅದು ದೊಡ್ಡ ಕಂಪನಿಯೊಂದನ್ನು ಕರೆತಂದು ರಿಬ್ಬನ್ ಕತ್ತರಿಸಿದರೆ ಆಗುವುದಲ್ಲ. ಮೂವತ್ತು, ಐವತ್ತು ಮಂದಿಯ ಹಲವು ಕಂಪನಿ ಬೇಕು. ರಾಜ್ಯ ಸರಕಾರ 2021ರಿಂದ ಬೆಂಗಳೂರಿನ ಆಚೆಗೂ ತಂತ್ರಜ್ಞಾನ ಬೆಳೆಯಲಿ ಎಂದು ಡಿಜಿಟಲ್ ಎಕಾನಮಿ ಮಿಷನ್ ಮೂಲಕ ಕೆಲಸ ಮಾಡುತ್ತಿದೆ, ಮಂಗಳೂರು ಅದರ ಪಟ್ಟಿಯಲ್ಲಿದೆ. ಎಷ್ಟು ಚದರಡಿ ಕಟ್ಟಿದೆವು ಎಂಬುದರ ಜತೆಗೆ ಕೆಲಸ ಬಿಟ್ಟವರಲ್ಲಿ ಎಷ್ಟು ಮಂದಿ ಇಲ್ಲೇ ಉಳಿದರು ಎಂಬುದನ್ನೂ ಲೆಕ್ಕ ಹಾಕಿದರೆ ಬೆಳವಣಿಗೆ ನಿಜವಾಗಿ ಕಾಣುತ್ತದೆ.

ದಾರಿಯ ವಿಷಯ ಹೇಳದಿದ್ದರೆ ಆಗದು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ನಿಂತಿತು, ಘಾಟಿಯ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದು ರೈಲೂ ನಿಂತಿತು. ಅದೇ ವಾರ ನಮ್ಮ ಕ್ಲೈಂಟ್ ಒಬ್ಬರು ಬೆಂಗಳೂರಿನವರೆಗೆ ಬಂದು ವಾಪಸು ಹೋದರು.

ಕಳೆದ ವರ್ಷ ನಮ್ಮ ಕಂಪನಿಯಲ್ಲೂ ಬಾಂಡಿನ ಪ್ರಸ್ತಾಪ ಬಂತು. ಆರು ತಿಂಗಳಲ್ಲಿ ಇಬ್ಬರು ಬಿಟ್ಟಿದ್ದರು, ಮಾಲಕರಿಗೆ ಬೇಸರವಾಗಿತ್ತು. ಎರಡು ಮೀಟಿಂಗ್ ಚರ್ಚೆ ನಡೆಯಿತು. ನನ್ನ ಮಾವನ ಮಗಳ ಕಥೆ ಹೇಳಿದೆ, ಎಂಟನೇ ದಿನದ ಫೋನಿನ ಕಥೆಯನ್ನೂ ಹೇಳಿದೆ. ಕೊನೆಗೆ ಅವರು, “ಆಯ್ತು ಬಿಡಿ, ಒಂದು ವರ್ಷ ನೋಡುವ” ಎಂದರು. ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ಬೆಂಗಳೂರಿಗೆ ಹೋದ, ಸುದ್ದಿ ಇಲ್ಲ. ಇನ್ನೊಬ್ಬಳು ಕೊಟ್ಟಾರದ ಕಂಪನಿಯೊಂದಕ್ಕೆ ಸೇರಿದ್ದಾಳೆ, ಒಮ್ಮೊಮ್ಮೆ ಬಸ್ಸಿನಲ್ಲಿ ಸಿಗುತ್ತಾಳೆ. ಹೋದ ತಿಂಗಳು ಅವಳೇ ತನ್ನ ಕಾಲೇಜಿನ ಕಿರಿಯಳೊಬ್ಬಳನ್ನು ನಮ್ಮಲ್ಲಿಗೆ ಕಳಿಸಿದಳು.

ಶನಿವಾರ ಇಂಟರ್‌ವ್ಯೂ. ಬ್ರಹ್ಮಾವರದ ಹುಡುಗಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಚೆನ್ನಾಗಿ ಉತ್ತರಿಸಿದಳು, ತಗೊಳ್ಳುವ ತೀರ್ಮಾನವೂ ಆಯಿತು. ಏಳುವಾಗ ಚೀಲದಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಮೇಜಿನ ಮೇಲಿಟ್ಟು, ಅದರಿಂದ ಕೈ ತೆಗೆಯದೆ ಕೇಳಿದಳು.

“ಅಕ್ಕ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಲ್ಲೇ ಇಡ್ಬೇಕಾ?”

“ಬೇಡ ಮಾರಾಯ್ತಿ,” ಎಂದೆ. “ತೋರಿಸು, ತಗೊಂಡು ಹೋಗು.”